ಮೊದಲು ಚೆಂಡು, ಆಮೇಲೆ ಮಣ್ಣು

ಊರ ದನ ಮೇಯುವ ಹನ್ನೊಂದು ಎಕರೆ ಗೋಮಾಳಕ್ಕೆ ಕಂಪನಿಯವರು ತಂತಿ ಬೇಲಿ ಹಾಕಿ ಗಾಲ್ಫ್ ಮೈದಾನ ಮಾಡಿದರು. ಊರವರು ಅರ್ಜಿ ಕೊಟ್ಟರು. ಗಡಿಯ ಬಾಂದಕಲ್ಲು ಸಿಗಲಿಲ್ಲವೆಂದು ಅರ್ಜಿ ವಜಾ ಆಯಿತು. ಗೋಮಾಳದ ಬದಲಿಗೆ ಊರವರಿಗೆ ಗಾಲ್ಫ್ ಕಲಿಸುವುದಾಗಿ ಕಂಪನಿ ಬರೆದುಕೊಟ್ಟಿತು.

ಹಾಗೆ ಕಲಿತ ಒಬ್ಬನನ್ನಾದರೂ ಕಣ್ಣಾರೆ ನೋಡಲು ಸಂಜೆ ನಾಲ್ಕಕ್ಕೆ ಯಾದಗಿರಿಯಿಂದ ಸರ್ವೆ ಅಧಿಕಾರಿ ಗುರುದೇವಿ ಬರುವವರಿದ್ದರು. ಬೆಳಿಗ್ಗೆ ಒಂಬತ್ತಾದರೂ ಕಲಿತವರು ಯಾರೂ ಹುಟ್ಟಿರಲಿಲ್ಲ. ಮ್ಯಾನೇಜರ್ ಸುನೀಲಕುಮಾರನ ಕಣ್ಣಿಗೆ ಬಿದ್ದವನು ಮೈದಾನದ ಹುಲ್ಲು ಕತ್ತರಿಸುವ ದಿನಗೂಲಿ ಹುಲಗಪ್ಪ.

"ಒಂದ ಹೊಡತ ಹುಲಗಪ್ಪ. ಮೇಡಂ ಮುಂದ ಚೆಂಡು ಹಾರಿಸಿದಿ ಅಂದ್ರ ನಿನ್ನ ನೌಕರಿ ಕಾಯಂ," ಎಂದು ಸಹಿಯಾದ ಕಾಗದ ಬೀಸಿ ತೋರಿಸಿದ.

"ಹಾರಲಿಲ್ಲಂದ್ರರಿ?"

"ನೀ ಹಾರತಿ."

ಹುಲಗಪ್ಪನ ಕೈಗೆ ಬಂದದ್ದು ಬ್ಲೇಡ್ ಐರನ್: ಉದ್ದನೆಯ ಉಕ್ಕಿನ ಕೋಲು, ತುದಿಗೆ ಸವೆದ ಕುಡಗೋಲಿನಷ್ಟು ತೆಳು ಕಬ್ಬಿಣ.

"ಬ್ಯಾರೆ ಐರನ್ ನಮ್ಮ ತಪ್ಪು ಮಾಫಿ ಮಾಡತಾವು. ಇದು ಮಾಡಂಗಿಲ್ಲ," ಎಂದ ಸುನೀಲಕುಮಾರ.

"ಹಂಗಾರ ಇದೂ ಕಂಪನಿ ಮಂದೀನ ಬಿಡ್ರಿ."

ಸುನೀಲಕುಮಾರ ಮೊಬೈಲ್ ನೋಡಿ ಓದಿದ: "ತಲಿ ಎತ್ತಬಾರದು. ಎಡಗಾಲ ಮ್ಯಾಲ ಭಾರ. ಕೈ ಚೆಂಡಿಗಿಂತ ಮುಂದ. ಮೊದಲ ಚೆಂಡು, ಆಮ್ಯಾಲ ಮಣ್ಣು. ಕಿತ್ತ ಹುಲ್ಲಿನ ಹೆಂಟಿ ಅಲ್ಲೇ ಇಟ್ಟು ತುಳೀಬೇಕು, ಅದು ಆಟದ ಮರ್ಯಾದಿ."

ಮೊದಲ ಹೊಡೆತಕ್ಕೆ ಮಣ್ಣೇ ಮೊದಲು ಹಾರಿ ಸುನೀಲಕುಮಾರನ ತೆರೆದ ಬಾಯಿ ಸೇರಿತು. ಎರಡನೆಯದು ಕಬ್ಬಿಣದ ಅಂಚಿಗೆ ತಾಗಿ, ಚೇಳು ಕಡಿದಂತೆ ಮೊಣಕೈವರೆಗೆ ಜುಮ್ಮೆಂದಿತು. ಚೆಂಡು ಇಲಿಯ ಹಾಗೆ ನೆಲ ಹಿಡಿದು ಓಡಿ, ಬೇಲಿ ನುಸುಳಿ, ಕಲ್ಲಿಗೆ ಪುಟಿದು, ಅಲ್ಲಿ ಚಹಾ ಮಾರುವ ಚಮನಬೀಯ ಪಾತ್ರೆಗೆ ಬಿತ್ತು.

"ಯಾ ಅಲ್ಲಾ! ಹುಲಗಪ್ಪ ಭಾಯಿ, ನನ್ನ ಚಾದಾಗ ತತ್ತಿ ಇಡಬ್ಯಾಡೋ!"

ಮೂರನೆಯದಕ್ಕೆ ಚೆಂಡು ಇದ್ದಲ್ಲೇ ಇತ್ತು. ಐರನ್ನೇ ಕೈಜಾರಿ ಹೋಗಿ ಮ್ಯಾನೇಜರನ ಕಾರಿನ ಗಾಜಿನಲ್ಲಿ ನಾಟಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬೇಲಿಗೆ ಜೋತುಬಿದ್ದಿತ್ತು. ಹುಲಗಪ್ಪ ನಲವತ್ತು ಹೆಂಟೆ ಕಿತ್ತು, ನಲವತ್ತನ್ನೂ ಮರ್ಯಾದೆಯಿಂದ ತುಳಿದಿದ್ದ. ಅವನ ಎಮ್ಮೆ ತಂತಿಯ ಮೇಲೆ ಕುತ್ತಿಗೆ ಚಾಚಿ, ತನಗೆ ದಕ್ಕದ ಹುಲ್ಲನ್ನು ಯಜಮಾನ ಹೀಗೆ ದಂಡ ಮಾಡುವುದನ್ನು ನೋಡುತ್ತಿತ್ತು.

ಕೊನೆಗೆ ನೆರೆಮನೆಯ ಮಾಳಮ್ಮನಿಗೆ ತಡೆಯಲಾಗಲಿಲ್ಲ. "ಏ ಮಬ್ಬ, ಯಾಕ ಅದನ್ನ ಎತ್ತಾಕ ಹೋಗ್ತಿ? ಅದೇನು ಕೂಸೇನು? ತೊಗರಿ ಬಡದಂಗ ಕೆಳಗ ಬಡಿ. ತಾನ ಮ್ಯಾಲ ಹಾರತೈತಿ!"

ನಾಲ್ಕಕ್ಕೆ ಗುರುದೇವಿ ಮೇಡಂ ಬಂದು ನಿಂತರು. ಹುಲಗಪ್ಪ ಎಡಗಾಲಿನ ಮೇಲೆ ಭಾರ ಬಿಟ್ಟು, ತೊಗರಿಯನ್ನು ನೆನೆದು, ಬಡಿದ. ಟಕ್! ಕೈಗೆ ಏನೂ ತಾಗಿದಂತಾಗಲಿಲ್ಲ. ಚೆಂಡು ಬೋನಾಳ ಕೆರೆಯಿಂದೆದ್ದ ಕೊಕ್ಕರೆಯಂತೆ ಮೇಲೇರಿತು. ಊರು ಸಿಳ್ಳೆ ಹಾಕಿತು. ಮೇಡಂ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು.

ಕೆಳಗೆ ನೋಡಿದವರು ಇಬ್ಬರೇ. ತಲೆ ಎತ್ತಬಾರದೆಂದು ಕಲಿತ ಹುಲಗಪ್ಪ, ಮತ್ತು ಕಲಿಸಿದ ಸುನೀಲಕುಮಾರ. ಹೆಂಟೆ ಎದ್ದ ಜಾಗದಲ್ಲಿ, ಕಂಪನಿ ಹಾಸಿದ ಮಣ್ಣಿನಡಿ, ನೆತ್ತಿಗೆ ಗುರುತು ಕೆತ್ತಿದ ಚೌಕ ಕಲ್ಲು ಇಣುಕುತ್ತಿತ್ತು. ಬಾಂದಕಲ್ಲು.

"ಹೆಂಟಿ ಇಡು. ಮೇಡಂ ಕೆಳಗ ನೋಡೂದರಾಗ ತುಳಿ," ಸುನೀಲಕುಮಾರ ಪಿಸುಗುಟ್ಟಿದ.

ಬೆಳಗಿನಿಂದ ತುಳಿದ ಅಭ್ಯಾಸಕ್ಕೆ ಕಾಲು ತಾನಾಗಿ ಎದ್ದಿತು. ಎದ್ದದ್ದು ಗಾಳಿಯಲ್ಲೇ ನಿಂತಿತು. ಬೇಲಿಯಾಚೆ ಎಮ್ಮೆ ಒಮ್ಮೆ ಕೂಗಿತು. ಹುಲಗಪ್ಪ ಕಾಲನ್ನು ಕಲ್ಲಿನ ಪಕ್ಕಕ್ಕೆ ಇಳಿಸಿದ.

ಸುನೀಲಕುಮಾರ ಕಾಯಂ ಕಾಗದವನ್ನು ಅರ್ಧದವರೆಗೆ ಸರ್ರನೆ ಹರಿದ. "ತುಳೀತಿಯೋ, ಇನ್ನರ್ಧಾನೂ ಹರೀಲೋ?"

ಹುಲಗಪ್ಪ ಆ ದಿನ ಮೊದಲ ಸಲ ತಲೆ ಎತ್ತಿದ. ಮೇಡಂ ತಿರುಗಿ ನೋಡುವಷ್ಟು, ಊರಿಗೆ ಊರೇ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಪೂರಾ ಹರೀರಿ ಸಾಹೇಬ್ರ. ನಾ ತುಳಿಯಂಗಿಲ್ಲ."