ಲಾಟ್ ಚೀಟಿಯ ಹಿಂಬದಿ

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೆ ಏನೋ ಘನವಾದ ಕೆಲಸ ನೆನಪಾಗಿದೆ. ಒಮ್ಮೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕಿತ್ತು. ಒಮ್ಮೆ ಕನ್ನಡಕ ಒರೆಸಬೇಕಿತ್ತು. ಕಳೆದ ವರ್ಷ ಪೂರ್ತಿ ಪೆನ್ನಿಗೆ ರೀಫಿಲ್ ಸಿಗಲಿಲ್ಲ. ರಾಣೆಬೆನ್ನೂರಿನಂಥ ಪೇಟೆಯಲ್ಲಿ ರೀಫಿಲ್ ಸಿಗಲಿಲ್ಲವೆಂದು ಹೇಳಿಕೊಂಡು ತಿರುಗಲು ನನಗೆ ನಾಚಿಕೆಯೂ ಆಗಲಿಲ್ಲ. ಈಗ ಅರವತ್ತೊಂಬತ್ತು. ಇನ್ನೂ ಮುಂದೂಡಿದರೆ ನಾನು ಸತ್ತ ಮೇಲೆ ಬೇರೆ ಯಾರೋ ನಾಲ್ಕು ಸಾಲು ಬರೆಯುತ್ತಾರೆ, ನನ್ನನ್ನು ಒಳ್ಳೆಯ ಮನುಷ್ಯನೆಂದು ಬರೆದುಬಿಡುತ್ತಾರೆ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಮೈ ಉರಿಯುವುದು ನನಗೆ ಹೊಸದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಇಲ್ಲಿ ದುಡಿದು, ಮೂವತ್ತು ದಾಟಿದ ಮೇಲೆ ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದವನು ನಾನು. ಮನೆ ರಾಣೆಬೆನ್ನೂರು, ದುಡಿಮೆ ಬ್ಯಾಡಗಿ. ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕ ಕುಳಿತವನ ಮೇಲೆ ಸಿಟ್ಟು. ಇಳಿದ ಮೇಲೆ ಆಟೋದವನ ಮೇಲೆ. ಅಂಗಡಿಯಲ್ಲಿ ಚೀಲ ಹೊರುವ ಹಮಾಲರ ಮೇಲೆ. ಸಂಜೆ ಉಳಿದದ್ದು ಹೆಂಡತಿಗೆ. ಹೀಗೆ ಶಿಸ್ತಾಗಿ ಬದುಕುತ್ತಿದ್ದೆ. ಆರು ವರ್ಷದ ಹಿಂದೆ ಒಂದು ದಿನ ಅಂಗಡಿಯ ಒಡೆಯ ಸಾವಕಾರರು ನನ್ನನ್ನು ತಾವು ಕೂರುವ ಗಾದಿಯ ಹತ್ತಿರ ಕರೆದರು.

"ಬಸಣ್ಣಾ, ಹಮಾಲ್ರು ನಿನ್ನ ಬಾಯಿಗಿ ಅಂಜಿ ಬಾಜೂ ಅಂಗಡಿಗಿ ಹೋಗಾಕತ್ತಾರ. ಇನ್ನೊಂದು ಸಲ ನಿನ್ನ ದನಿ ರಸ್ತೇಕ ಕೇಳಿಸ್ತಂದ್ರ, ನೀ ರಾಣೆಬೆನ್ನೂರಾಗ ಇರು. ನಿನ್ನ ಪೆನ್ನೂ ಅಲ್ಲೇ ಇರ್ಲಿ."

ಅಷ್ಟು ಹೇಳಿ, ಹಾವೇರಿಯಲ್ಲಿ ನಡೆಯುವ, ಸ್ವಭಾವ ತಿದ್ದುವ ಒಂದು ದಿನದ ಶಿಬಿರಕ್ಕೆ ನನ್ನ ಹೆಸರು ಬರೆಸಿದರು.

ಶಿಬಿರ ಒಂದು ಮದುವೆ ಮಂಟಪದಲ್ಲಿ. ಕಲಿಸಲು ಬಂದವನು ನನ್ನ ಅಳಿಯನ ವಯಸ್ಸಿನವನು. ಬಿಳಿ ಅಂಗಿ, ಕೆನ್ನೆಗೆ ಅಂಟಿದ ಮೈಕು. ಮೈಕಿದ್ದರೂ ಕೂಗಿಯೇ ಮಾತಾಡುತ್ತಿದ್ದ. "ದೊಡ್ಡ ಬದಲಾವಣೆ ಬೇಡ. ದಿನಕ್ಕೆ ಐದು ಸಣ್ಣ ರೂಢಿ ಸಾಕು. ಕೆಲಸ, ಸಂಬಂಧ, ಮನಸ್ಸು ಮೂರೂ ನೆಟ್ಟಗಾಗುತ್ತವೆ," ಎಂದು ಎಲ್ಲರಿಗೂ ಒಂದೊಂದು ಕಾರ್ಡು ಹಂಚಿದ. ಹೆಂಡತಿಯ ಮಾತನ್ನು ದಿನಾ ಹತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳಬೇಕು. ಜೊತೆಗೆ ದುಡಿಯುವ ಒಬ್ಬರನ್ನು ಹೊಗಳಬೇಕು. ಕೆಲಸದ ನಡುವೆ ಹತ್ತು ಸಲ ಆಳವಾಗಿ ಉಸಿರಾಡಬೇಕು. ಸಿಟ್ಟು ಬಂದರೆ ಮಾತಾಡದೆ ನೂರರ ತನಕ ಎಣಿಸಬೇಕು, ಇಲ್ಲವೇ ಮನಸ್ಸಿನ ಕೊಳೆಯನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟು ಸಂಜೆ ಹರಿದು ಹಾಕಬೇಕು. ಕೊನೆಯದಾಗಿ, ದಿನಕ್ಕೊಬ್ಬರ ಕ್ಷಮೆ ಕೇಳಬೇಕು. ಇಷ್ಟನ್ನು ಹೇಳಲು ಬೆಳಗ್ಗಿನಿಂದ ಸಂಜೆಯವರೆಗೆ ಕೂರಿಸಿದನಲ್ಲ ಎಂದು ನನಗೆ ಅಲ್ಲೇ ಸಿಟ್ಟು ಬಂತು. ಆದರೂ ವಾಪಸು ಬರುವ ಬಸ್ಸಿನಲ್ಲಿ ಧೈರ್ಯ ಮಾಡಿದೆ. ಐದೇ ಐದು ರೂಢಿ. ಮೂವತ್ತು ವರ್ಷ ಮೆಣಸಿನಕಾಯಿ ಘಾಟು ಕುಡಿದವನಿಗೆ ಇದೇನು ಮಹಾ!

ಮರುದಿನ ಬೆಳಗ್ಗೆ ಆರಕ್ಕೆ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಹೆಂಡತಿ ನೀಲವ್ವನ ಎದುರು ಕುಳಿತೆ. "ಮಾತಾಡು," ಎಂದೆ.

"ಏನ ಮಾತಾಡ್ಲಿ?"

"ಏನರ ಮಾತಾಡು. ಹತ್ತು ನಿಮಿಷ. ನಾ ನಡುವ ಬಾಯಿ ಹಾಕೂದಿಲ್ಲ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಬಿಪಿ ಗುಳಿಗಿ ಎರಡು ನುಂಗೀರೇನು?"

ನಾನು ಉತ್ತರಿಸಲಿಲ್ಲ. ರೂಢಿ ಎಂದರೆ ರೂಢಿ.

"ಯಾಕ ಹಿಂಗ ಸುಮ್ಮನ ಕುಂತೀರಿ? ಹಾವೇರಿಗಿ ಹೋಗಿದ್ದು ಶಿಬಿರಕ್ಕೋ ದವಾಖಾನಿಗೋ? ಡಾಕ್ಟರ್ ಏನಂದ? ಖರೇ ಹೇಳ್ರಿ, ನಾ ಗಟ್ಟಿ ಅದೇನಿ."

ನಾನು ಗಡಿಯಾರ ನೋಡಿದೆ. ಇನ್ನೂ ಎಂಟು ನಿಮಿಷವಿತ್ತು. ಅಷ್ಟರಲ್ಲಿ ಅವಳು ಸೆರಗು ಕಣ್ಣಿಗೆ ಒತ್ತಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ವಾಸನೆಗೆ ಪಕ್ಕದ ಮನೆಯವಳು ಓಡಿ ಬಂದಳು, ಅವಳೂ ಅಳತೊಡಗಿದಳು. ಹತ್ತು ನಿಮಿಷ ತುಂಬಿದ್ದೇ "ಆತು, ಮುಗೀತು," ಎಂದು ಎದ್ದೆ. ಆ ದಿನ ನನ್ನ ಬುತ್ತಿಯಲ್ಲಿ ಕರಕಲು ರೊಟ್ಟಿ ಇತ್ತು. ಪಲ್ಯ ಇರಲಿಲ್ಲ.

ಅಂಗಡಿಯಲ್ಲಿ ಎರಡನೆಯ ರೂಢಿ ನಡೆಸಿದೆ. ಚೀಲ ಹೊತ್ತು ಬರುತ್ತಿದ್ದ ಫಕೀರಪ್ಪನನ್ನು ನಿಲ್ಲಿಸಿ, "ಫಕೀರಪ್ಪಾ, ನೀ ಚೀಲ ಎತ್ತೂ ರೀತಿ ಭಾಳ ಚಂದ ಐತಿ ನೋಡು," ಎಂದೆ. ಅವನು ಚೀಲ ಇಳಿಸಿ ನನ್ನ ಮುಖವನ್ನೇ ನೋಡಿದ. ಅರ್ಧ ತಾಸಿನಲ್ಲಿ ಹಮಾಲರೆಲ್ಲ ಸಾವಕಾರರ ಮುಂದೆ ನಿಂತಿದ್ದರು. "ಬಸಣ್ಣಾರು ಫಕೀರಪ್ಪನ್ನ ಹೊಗಳ್ಯಾರ್ರಿ. ಅವನ್ನ ಕೆಲಸದಿಂದ ತಗೀತೀರೇನ್ರಿ?" ಸಾವಕಾರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅದು ಬೈದದ್ದಕ್ಕಿಂತ ಕೆಟ್ಟದ್ದು.

ಕಾಟಾ ಮಾಮಾನ ವಿಷಯವನ್ನು ಇಲ್ಲಿ ಹೇಳಬೇಕು. ಕಾಟಾ ಎಂದರೆ ತಕ್ಕಡಿ. ನಮ್ಮ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವನನ್ನು ಇಡೀ ಮಾರ್ಕೆಟ್ ಯಾರ್ಡು ಕಾಟಾ ಮಾಮಾ ಎನ್ನುತ್ತಿತ್ತು. ಚೀಲ ಕಾಟಾದ ಮೇಲೆ ಬಿದ್ದಾಗ ಅವನು ತೂಕ ಕೂಗುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಮೂವತ್ತು ವರ್ಷ ಅವನ ದನಿ, ನನ್ನ ಪೆನ್ನು. ಹಳೆಯ ಕಬ್ಬಿಣದ ತಕ್ಕಡಿ ಹೋಗಿ ಕೆಂಪು ಅಂಕಿ ತೋರಿಸುವ ಯಂತ್ರ ಬಂದ ಮೇಲೂ ರೈತರು ಅಂಕಿಯನ್ನು ನೋಡುತ್ತಿರಲಿಲ್ಲ. ಮಾಮಾ ಕೂಗಿದರೆ ಮುಗಿಯಿತು. ಓದು ಬಾರದ ಮುದುಕಿಯರು ಅವನಿದ್ದಾನೆಂದೇ ನಮ್ಮ ಅಂಗಡಿಗೆ ಮೆಣಸಿನಕಾಯಿ ತರುತ್ತಿದ್ದರು. ಅವನ ಹತ್ತಿರ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ. ಜನ ನಂಬುವ ದನಿಯಿತ್ತು. ಅದರ ಮೇಲೆ ಅವನ ಸಂಸಾರ ನಡೆಯುತ್ತಿತ್ತು.

ಅಂದು ಪೇಟೆಯ ದಿನ. ಎಲ್ಲ ಕಡೆ ಕಾಯಿ ಸುರಿಯುತ್ತಿದ್ದರು, ಗಾಳಿಯೇ ಕೆಂಪಗಿತ್ತು. ಬ್ಯಾಡಗಿ ಯಾರ್ಡಿನಲ್ಲಿ ಉಸಿರಾಡಲು ಒಂದು ಪದ್ಧತಿಯಿದೆ. ಮೂಗಿಗೆ ಟವೆಲ್ಲು ಹಿಡಿದು ಇಷ್ಟಿಷ್ಟೇ ಎಳೆದುಕೊಳ್ಳಬೇಕು. ಅಲ್ಲಿಯ ನಾಯಿಗಳಿಗೂ ಅದು ಗೊತ್ತು. ನಾನು ಟವೆಲ್ಲು ತೆಗೆದು, ಆಗತಾನೇ ಸುರಿದ ರಾಶಿಯ ಮುಂದೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಕಾರ್ಡಿನಲ್ಲಿ ಹೇಳಿದಂತೆ ಹೊಟ್ಟೆಯ ತಳದವರೆಗೆ ಉಸಿರೆಳೆದೆ. ಎರಡನೆಯ ಉಸಿರಿಗೆ ಜಗತ್ತು ಕಾಣಲಿಲ್ಲ. ಮೂರನೆಯದನ್ನು ನಾನು ತೆಗೆದುಕೊಳ್ಳಲೇ ಇಲ್ಲ. ಕೆಮ್ಮುತ್ತ, ಸೀನುತ್ತ, ಮೂಗು ಬಾಯಿ ಒಂದಾಗಿ ರೈತನ ರಾಶಿಯ ಮೇಲೇ ಕುಸಿದೆ. ಕನ್ನಡಕ ಮೆಣಸಿನಕಾಯಿಯೊಳಗೆ ಹೂತುಹೋಯಿತು.

ನೀರು ಮತ್ತು ಬೆಲ್ಲ ಹಿಡಿದು ಮೊದಲು ಓಡಿ ಬಂದವನು ಕಾಟಾ ಮಾಮಾ. ಬೆನ್ನು ಸವರಿದ, ಬೆಲ್ಲ ಬಾಯಿಗಿಟ್ಟ, ರಾಶಿಯಲ್ಲಿ ಕೈಯಾಡಿಸಿ ಕನ್ನಡಕ ಹುಡುಕಿ ಒರೆಸಿ ಕೊಟ್ಟ. ಆಮೇಲೆ ನಕ್ಕ.

"ಮೂವತ್ತು ವರ್ಷ ಆತಲ್ರಿ ಬಸಣ್ಣಾರ, ಇಲ್ಲಿ ಉಸರಾಡೂದು ಇನ್ನೂ ಕಲೀಲಿಲ್ಲಲ್ಲ."

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೆಳಗ್ಗೆ ನಾನು ಹೊಗಳಿದ ಫಕೀರಪ್ಪ. ನನ್ನ ಗಂಟಲಲ್ಲಿ ಬೈಗುಳ ಸಾಲುಗಟ್ಟಿ ನಿಂತವು. ಆದರೆ ಗಾದಿಯ ಮೇಲೆ ಸಾವಕಾರರಿದ್ದರು. ಬೈಯುವಂತಿಲ್ಲ. ಬರೆಯಬಹುದು. ಕೈಯಲ್ಲಿ ಲಾಟ್ ಚೀಟಿಗಳಿದ್ದವು. ಪ್ರತಿ ರಾಶಿಗೆ ಒಂದು ನಂಬರಿನ ಚೀಟಿ ಸಿಕ್ಕಿಸುವುದು ನನ್ನ ಕೆಲಸ. ಅದರಲ್ಲೇ ಒಂದರ ಹಿಂಬದಿಯಲ್ಲಿ, ಮೂಲೆಗೆ ಹೋಗಿ, ಪೆನ್ನು ಒತ್ತಿ ಬರೆದೆ. ಒಬ್ಬ ತೂಕದವನಿಗೆ ಎಲ್ಲಕ್ಕಿಂತ ನೋಯುವ ಮಾತು ಯಾವುದೆಂದು ಹುಡುಕಿ ಬರೆದೆ. "ಕಾಟಾ ಮಾಮಾ ತೂಕ ಕೂಗುವಾಗ ಕಿಲೋ ನುಂಗುತ್ತಾನೆ. ಕಳ್ಳ." ಸುಳ್ಳು ಎಂದು ಬರೆಯುವಾಗಲೇ ಗೊತ್ತಿತ್ತು. ಹೇಗೂ ಸಂಜೆ ಹರಿದು ಹಾಕುತ್ತೇನಲ್ಲ ಎಂದು ಜೇಬಿಗಿಟ್ಟೆ. ಎದೆ ಹಗುರಾಯಿತು. ಶಿಬಿರದವನು ಹೇಳಿದ್ದು ಖರೆ ಎನಿಸಿತು.

ಉಳಿದ ಲಾಟ್ ಚೀಟಿಗಳನ್ನೂ ಅದೇ ಜೇಬಿನಲ್ಲಿಟ್ಟಿದ್ದೆ. ಮಧ್ಯಾಹ್ನ ಅವಸರದಲ್ಲಿ ಅವನ್ನೆಲ್ಲ ರಾಶಿಗಳಿಗೆ ಸಿಕ್ಕಿಸುತ್ತ ಹೋದೆ.

ತೂಕ ಶುರುವಾಯಿತು. ಮೇಡ್ಲೇರಿಯ ಒಬ್ಬ ರೈತ ತನ್ನ ರಾಶಿಯ ಚೀಟಿ ಕಿತ್ತು ನಂಬರು ನೋಡಿದ. ಹಿಂದೆ ತಿರುಗಿಸಿದ. "ಇದೇನ್ರೀ ಇದು?" ಎಂದು ಗಟ್ಟಿಯಾಗಿ ಓದಿದ, ಪೇಪರ್ ಓದುವವರ ಹಾಗೆ. ಎರಡು ಸಲ ಓದಿದ.

ಕಾಟಾ ಮಾಮಾ ಬಂದು ಅವನ ಕೈಯಿಂದ ಚೀಟಿ ತೆಗೆದುಕೊಂಡ. ನೋಡಿದ. ನನ್ನ ಅಕ್ಷರ ಅವನಿಗೆ ಗೊತ್ತಿಲ್ಲದ್ದೇನಲ್ಲ. ಮಡಚಿ ತನ್ನ ಕಿಸೆಯಲ್ಲಿಟ್ಟುಕೊಂಡ, ಬೇರೆ ಯಾರಿಗೂ ತೋರಿಸಲಿಲ್ಲ.

"ಯಾರ ಬರದಾರಂತ ನಾ ಕೇಳೂದಿಲ್ಲ," ಎಂದ. "ಬಸಣ್ಣಾರ, ಮೂವತ್ತು ವರ್ಷ ನಾ ಕೂಗೇನಿ, ನೀವು ಬರಕೊಂಡೀರಿ. ಒಂದು ಕಿಲೋ ನುಂಗಿದ್ದು ನೋಡೀರೇನು? ಅಷ್ಟ ಹೇಳ್ರಿ. ಸಾಕು."

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಇಲ್ಲ ಎಂದರೆ, ಹಾಗಾದರೆ ಬರೆದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಸಾವಕಾರರು ಗಾದಿ ಬಿಟ್ಟು ಎದ್ದಿದ್ದರು. ನಾನು ಕಾರ್ಡನ್ನು ನೆನೆದೆ. ಮಾತಾಡಬಾರದು. ಎಣಿಸಬೇಕು. ಒಂದು, ಎರಡು, ಮೂರು.

"ಬಸಣ್ಣಾ, ಮಾತಾಡೋ," ಎಂದರು ಸಾವಕಾರರು.

ಇಪ್ಪತ್ತೆರಡು. ಇಪ್ಪತ್ಮೂರು.

"ಬರಕೊಳ್ಳೋರ ಸುಮ್ಮನ ಅದಾರಂದ್ರ ಏನೋ ಐತಿ ತಗೋರಿ," ಎಂದ ಮೇಡ್ಲೇರಿಯವನು.

ನಲವತ್ತು. ಮಾಮಾ ನನ್ನನ್ನೇ ನೋಡುತ್ತಿದ್ದ. ನನ್ನ ತುಟಿ ಅಲುಗಾಡುತ್ತಿದ್ದುದನ್ನು ಕಂಡು, ಈಗ ಹೇಳಿಯಾನು ಎಂದುಕೊಂಡಿರಬೇಕು. ಐವತ್ತು. ಅರವತ್ತು. ಅರವತ್ತೆಂಟಕ್ಕೆ ಅವನು ಬಾಗಿ ಕಾಟಾದ ಸ್ವಿಚ್ ಆರಿಸಿದ. ಕೆಂಪು ಅಂಕಿ ಹೋಯಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನಾನು ನೂರು ಮುಟ್ಟಿದೆ. ಕಾರ್ಡಿನ ಪ್ರಕಾರ ಅಂದು ನಾನು ಪಾಸು.

ಸಿಟ್ಟು ತಡೆಯಲು ಎಣಿಸಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೊತ್ತಿನಲ್ಲಿ ನನಗೆ ಸಿಟ್ಟೇ ಇರಲಿಲ್ಲ. ಹೆದರಿಕೆ ಇತ್ತು. ಜೀವನದಲ್ಲಿ ಒಮ್ಮೆ ಬಾಯಿ ಬಿಡಬೇಕಾಗಿದ್ದಾಗ ನಾನು ಶಾಂತಮೂರ್ತಿಯಾದೆ.

ಅಂದು ಮಾಮಾ ಅದಾಗಲೇ ತೂಗಿದ್ದ ಚೀಲಗಳನ್ನು ಸಾವಕಾರರು ಮತ್ತೆ ತೂಗಿಸಿದರು. ನೂರು ಗ್ರಾಂ ಫರಕೂ ಇರಲಿಲ್ಲ. ಮಾಮಾನ ಮನೆಗೆ ಫಕೀರಪ್ಪನನ್ನು ಕಳಿಸಿದರು. ಅವನು ಉತ್ತರ ತಂದ. "ಬರಕೊಳ್ಳೋರು ಬಂದು ಕರದ್ರ ಬರ್ತೇನಿ ಅಂದಾನ್ರಿ." ಎಲ್ಲರೂ ನನ್ನ ಕಡೆ ನೋಡಿದರು. ನಾಳೆ ಹೋಗುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ತಿಂಗಳು ಕಾದು ಮಾಮಾ ಬ್ಯಾಡಗಿ ಬಿಟ್ಟ. ಆಮೇಲೆ ಅವನು ಯಾವ ಕಾಟಾವನ್ನೂ ಮುಟ್ಟಲಿಲ್ಲವಂತೆ.

ಆದರೆ ಐದನೆಯ ರೂಢಿಯನ್ನು ನಾನು ಬಿಡಲಿಲ್ಲ. ದಿನಕ್ಕೊಬ್ಬರ ಕ್ಷಮೆ ಕೇಳಿದೆ. ಹಾಲಿನವನ ಕ್ಷಮೆ ಕೇಳಿದೆ. ರೈಲಿನಲ್ಲಿ ಕಿಟಕಿ ಪಕ್ಕದವನ ಕ್ಷಮೆ ಕೇಳಿದೆ, ಅವನು ಎದ್ದು ಬೇರೆ ಡಬ್ಬಿಗೆ ಹೋದ. ಫಕೀರಪ್ಪನ ಕ್ಷಮೆಯನ್ನು ಎರಡು ಸಲ ಕೇಳಿದೆ. ಜನ ಮುಗಿದಾಗ ನೀಲವ್ವನ ಹತ್ತಿರ ಬಂದೆ. ನನ್ನ ದನಿ ತಗ್ಗಿತು, ಬೈಗುಳ ನಿಂತಿತು. ಅಂಗಡಿ ತಣ್ಣಗಾಯಿತು. ಸಾವಕಾರರು ಸಂತೋಷಪಟ್ಟು ಹಾವೇರಿಯ ಶಿಬಿರದವನಿಗೆ ಹೇಳಿಕಳಿಸಿದರು. ಅವನು ಮುಂದಿನ ಶಿಬಿರದಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದ. ಸಿಟ್ಟು ಗೆದ್ದ ಬಗೆಯನ್ನು ಹೇಳಿ ಎಂದ. ಹೇಳಿದೆ! ಹದಿನೈದು ನಿಮಿಷ ಹೇಳಿದೆ. ಚಪ್ಪಾಳೆ ಬಿತ್ತು.

ಮನೆಗೆ ಬಂದಾಗ ನೀಲವ್ವ ಶಾಲನ್ನು ಮಡಚುತ್ತ ಕೇಳಿದಳು. "ಆ ಚೀಟಿ ನೀವ ಬರದದ್ದಲ್ಲೇನು?"

"ಯಾರ ಹೇಳಿದ್ರು?"

"ಕಿಲೋ ನುಂಗ್ತಾನ ಅನ್ನೂದು ನಿಮ್ಮ ಮಾತು. ಕಾಯಿಪಲ್ಲೆಯವ್ನಿಗಿ ಇದ ಬೈತೀರಿ, ರೇಷನ್ ಅಂಗಡಿಯವ್ನಿಗಿ ಇದ ಬೈತೀರಿ." ಶಾಲನ್ನು ಪೆಟ್ಟಿಗೆಗೆ ಹಾಕಿದಳು. "ನಾಳಿಂದ ನನ್ನ ಮುಂದ ಕ್ಷಮಾ ಕೇಳಬ್ಯಾಡ್ರಿ. ನನ್ನ ಕೆಲಸ ಏನೂ ಹೋಗಿಲ್ಲ."

ಕಾಟಾ ಮಾಮಾ ಎಲ್ಲಿದ್ದಾನೆಂದು ಹುಡುಕಬೇಕಾಗಿಯೂ ಇಲ್ಲ. ರಾಣೆಬೆನ್ನೂರಿನಲ್ಲೇ, ನಮ್ಮ ಮನೆಯಿಂದ ಒಂದು ಮೈಲಿ, ಬೀಜದ ಕಂಪನಿಯೊಂದರ ಗೇಟಿನಲ್ಲಿ ಕಾವಲುಗಾರ. ಹಿಂದಿನ ವರ್ಷ ಒಮ್ಮೆ ಹೋದೆ. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿದೆ. ಅವನು ಸ್ಟೂಲಿನಿಂದ ಎದ್ದು, "ಬರ್ರಿ ಬಸಣ್ಣಾರ, ಆರಾಮ ಅದೀರಿ? ಕುಂದ್ರಿ," ಎಂದು ಆ ಸ್ಟೂಲನ್ನೇ ನನಗೆ ಕೊಟ್ಟು ತಾನು ನಿಂತ. ಕೂಗುತ್ತಿದ್ದ ದನಿ ಈಗ ಮೆತ್ತಗಾಗಿದೆ. ಏನು ಬಂದಿರಿ ಎಂದು ಕೇಳಲಿಲ್ಲ, ಸುಮ್ಮನೆ ಕಾದ. ನಾನು ಬಾಯಿ ತೆರೆದೆ. "ಬೆಂಡಿಕಾಯಿ ಬೀಜ ಸಿಗ್ತಾವೇನು?" ಎಂದೆ.

"ಸಿಗ್ತಾವ್ರಿ," ಎಂದ. ತಾನೇ ಒಳಗೆ ಹೋಗಿ ತಂದುಕೊಟ್ಟ.

ನಮ್ಮ ಮನೆಗೆ ಅಂಗಳವಿಲ್ಲ. ಒಂದು ಕುಂಡವೂ ಇಲ್ಲ.

ಈಗ ಇಷ್ಟುದ್ದ ಬರೆದು ಕುಳಿತಿದ್ದೇನೆ. ಒಂದು ಮೈಲಿ ನಡೆಯಲಾಗದವನು ಹಾಳೆ ತುಂಬಿಸಿದ್ದಾನೆ. ಇದೂ ಹೋಗದೇ ಇರುವ ಒಂದು ಉಪಾಯವೆಂದು ನನಗೆ ಗೊತ್ತು, ನೀಲವ್ವನಿಗಂತೂ ಮೊದಲೇ ಗೊತ್ತು. ಅದರಲ್ಲೂ ಮತ್ತೊಂದು ಠಕ್ಕು ಮಾಡಿದ್ದೇನೆ. ಮೊದಲಿನಿಂದ ಕಾಟಾ ಮಾಮಾ ಎಂಬ ಅಡ್ಡಹೆಸರಿನಲ್ಲೇ ಸಾಗಿಸಿದೆ, ಹೇಳಿದಂತೆಯೂ ಇರಬೇಕು, ಯಾರಿಗೆ ಹೇಳಿದೆನೆಂದು ತಿಳಿಯಲೂಬಾರದು ಎಂದು. ಕಳ್ಳ ಎಂದು ಒಂದೇ ಏಟಿಗೆ ಬರೆದವನು, ಈಗ ಹೆಸರು ಬರೆಯಲು ಮೂರು ಸಲ ಪೆನ್ನಿನ ಮುಚ್ಚಳ ಹಾಕಿ ತೆಗೆದೆ. ನಾನು ಕ್ಷಮೆ ಕೇಳದೆ ಉಳಿದವನು ದಾವಲಸಾಬ ನದಾಫ.