ಪಕ್ಕದ ಸೀಟಿನ ಮೋಟಾರ್ ವೆಂಕಟಗಿರಿ

ರಾಜಾಜಿನಗರದ ಆ ಬೀದಿಯಲ್ಲಿ ವೆಂಕಟಗಿರಿಗೆ ‘ಮೋಟಾರ್ ವೆಂಕಟಗಿರಿ’ ಎಂದು ಹೆಸರು ಬಿದ್ದದ್ದು ಅವನು ಮೋಟಾರ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದದ್ದಕ್ಕೆ. ಅಲ್ಲಿ ತಯಾರಾಗುತ್ತಿದ್ದದ್ದು ಬಾವಿಯಿಂದ ನೀರೆತ್ತುವ ಪಂಪಿನ ಮೋಟಾರು. ಬೀದಿಯವರು ಅದನ್ನು ಮೋಟಾರು ಕಾರು ಅಂದುಕೊಂಡುಬಿಟ್ಟರು. ಪುಕ್ಕಟೆ ಸಿಕ್ಕುವ ಮರ್ಯಾದೆ ಯಾರಿಗೆ ಬೇಡ? ಅವನೂ ತಿದ್ದಲು ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಚಕ್ರವಿರುವ ಯಾವುದನ್ನು ಕಂಡರೂ ಭಯ. ಕಾರ್ಖಾನೆಗೆ ನಡೆದೇ ಹೋಗುತ್ತಿದ್ದ. ಕೇಳಿದವರಿಗೆ ಆರೋಗ್ಯದ ನೆಪ ಹೇಳುತ್ತಿದ್ದ. ಈ ಗುಟ್ಟು ಹೆಂಡತಿ ಪಂಕಜಾಗೂ ಗೊತ್ತಿರಲಿಲ್ಲ. ಬಯಲಾದರೆ ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಪಕ್ಕದ ಮನೆಯ ಅನಂತಲಕ್ಷ್ಮಮ್ಮ ಮಗಳು ತುಂಗಾಳೊಂದಿಗೆ ಬಂದು ನಿಂತರು. ತುಂಗಾ ಬ್ಯಾಂಕಿನಲ್ಲಿ ಆಫೀಸರು. ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದಳು.

“ಬಸವೇಶ್ವರನಗರದಲ್ಲಿ ಒಂದು ಹಳೇ ಕಾರು ಮಾರಕ್ಕಿದೆಯಂತೆ. ಹೆಣ್ಣುಹುಡುಗಿ ಅಂತ ಇವಳಿಗೆ ಟೋಪಿ ಹಾಕ್ಬಿಟ್ರೆ? ನೀವು ನೋಡಿ ಹೂಂ ಅಂದ್ರೇನೇ ನಾನು ಒಪ್ಪೋದು,” ಎಂದರು ಅನಂತಲಕ್ಷ್ಮಮ್ಮ.

ವೆಂಕಟಗಿರಿ ಸೊಂಟಕ್ಕೆ ಕೈ ಕೊಟ್ಟು ನಿಂತ. “ಇವತ್ತು ಯಾಕೋ ಸೊಂಟ ಹಿಡ್ಕೊಂಡಿದೆ...”

“ಏನೂ ಹಿಡ್ಕೊಂಡಿಲ್ಲ. ಈಗ್ತಾನೆ ಅಟ್ಟ ಹತ್ತಿ ಇಳಿದ್ರಿ!” ಪಂಕಜಾ ಒಳಗಿನಿಂದಲೇ ಕೂಗಿದಳು. “ಹೋಗ್ಬನ್ನಿ. ಮೋಟಾರ್ ವಿಷಯ ನಿಮಗಲ್ದೆ ಇನ್ಯಾರಿಗೆ ಗೊತ್ತು?”

ವೆಂಕಟಗಿರಿ, ತುಂಗಾ ಇಬ್ಬರೇ ನಡೆದು ಬಸವೇಶ್ವರನಗರಕ್ಕೆ ಹೋದರು. ಕಾರಿನ ಮಾಲೀಕ ಪಂಚಾಕ್ಷರಿ ಎಂಬ ಕಂಟ್ರಾಕ್ಟರು. ವೆಂಕಟಗಿರಿಯನ್ನು ಕಂಡೊಡನೆ ಬಾನೆಟ್ ಎತ್ತಿ ಹಿಡಿದ. ವೆಂಕಟಗಿರಿ ಬೀಗರ ಮನೆಯ ಅಡುಗೆಕೋಣೆಗೆ ಇಣುಕಿದವನಂತೆ ಅಳುಕುತ್ತಲೇ ಬಗ್ಗಿ ನೋಡಿದ. ಏನಾದರೂ ಕೇಳದಿದ್ದರೆ ಮಾನ ಹೋಗುತ್ತದೆ. ಬಾಯಿಗೆ ಬಂದದ್ದು ಕಾರ್ಖಾನೆಯ ಮಾತು.

“ಎಷ್ಟಡಿಯಿಂದ ಎತ್ತುತ್ತೆ?”

“ಏನು ಸಾರ್?”

“ಪಿಕಪ್ ಹೇಗಿದೆ ಅಂತ ಕೇಳ್ತಿದಾರೆ,” ಎಂದಳು ತುಂಗಾ ಥಟ್ಟನೆ. ವೆಂಕಟಗಿರಿಗೆ ಹೋದ ಜೀವ ಬಂದಂತಾಯಿತು.

“ಓಡಿಸೇ ನೋಡ್ಬಿಡಿ ಸಾರ್!” ಪಂಚಾಕ್ಷರಿ ಕೀ ಕೊಟ್ಟ. ಕೆಂಡ ಮುಟ್ಟಿದವನಂತೆ ವೆಂಕಟಗಿರಿ ಅದನ್ನು ನೆಲಕ್ಕೆ ಬೀಳಿಸಿದ.

“ಗಾಡಿ ತಗೊಳ್ಳೋಳು ಅವಳು. ಅವಳೇ ಓಡಿಸ್ಲಿ,” ಎಂದು ಅವನು ಜಾರಿಕೊಳ್ಳಲು ನೋಡಿದ.

“ಸರಿ ಮಾಮ. ಆದ್ರೆ ನೀವು ಪಕ್ಕದಲ್ಲೇ ಕೂತ್ಕೋಬೇಕು.”

ಪಂಚಾಕ್ಷರಿ ಹಿಂದೆ ಕೂತ. ಸ್ಟೀರಿಂಗ್ ಹಿಡಿದ ತುಂಗಾಳ ಕೈ ಗಡಗಡ ನಡುಗುತ್ತಿತ್ತು. ಅದನ್ನು ಕಂಡ ಮೇಲಂತೂ ವೆಂಕಟಗಿರಿ ಬದುಕಿನ ಆಸೆಯನ್ನೇ ಬಿಟ್ಟ. ಪಂಕಜಾಗೆ ಒಂದು ಮಾತು ಹೇಳಿ ಬರಬೇಕಿತ್ತು ಎಂದುಕೊಂಡ.

ಕಾರು ಎರಡು ಸಲ ಮುಗ್ಗರಿಸಿ ಹೊರಟಿತು. ಮಾಗಡಿ ರಸ್ತೆಗೆ ಬಂದರೆ ಎದುರಿಗೆ ಹುಲ್ಲಿನ ಗಾಡಿ, ಅದರ ಹಿಂದೆ ಬಸ್ಸು. ವೆಂಕಟಗಿರಿ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದು, ಕಾಲಿನಿಂದ ನೆಲವನ್ನು ಒತ್ತಿ, “ರಾಮ ರಾಮಾ” ಎನ್ನತೊಡಗಿದ. ಬಸ್ಸು ಭೋರ್ ಎಂದು ಪಕ್ಕದಲ್ಲೇ ಹಾದಾಗ “ಅಯ್ಯೋ!” ಎಂದು ಚೀರಿದ.

“ಗೊತ್ತಾಗೋಯ್ತಾ ಸಾರ್?” ಹಿಂದಿನಿಂದ ಪಂಚಾಕ್ಷರಿ ತಲೆ ಕೆರೆದುಕೊಂಡ. “ಬ್ರೇಕು ಸ್ವಲ್ಪ ಲೂಸಿದೆ. ನಿಮ್ಮಂಥೋರ ಹತ್ರ ಏನ್ ಮುಚ್ಚಿಡೋದು, ಸರಿ ಮಾಡ್ಸೇ ಕೊಡ್ತೀನಿ.”

ಕಾರು ವಾಪಸು ಬಂದು ನಿಂತಾಗ ಡ್ಯಾಶ್‌ಬೋರ್ಡಿನಿಂದ ವೆಂಕಟಗಿರಿಯ ಬೆರಳುಗಳನ್ನು ತುಂಗಾಳೇ ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಕೈ ಈಗ ಚೂರೂ ನಡುಗುತ್ತಿರಲಿಲ್ಲ.

ಮನೆಯಲ್ಲಿ ಪಂಕಜಾ, ಅನಂತಲಕ್ಷ್ಮಮ್ಮ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಉಹೂಂ ಅಂದರೆ ಬರುವ ಭಾನುವಾರ ಇನ್ನೊಂದು ಕಾರು, ಇನ್ನೊಂದು ಸವಾರಿ. ಅದಕ್ಕೇ ವೆಂಕಟಗಿರಿ, “ಬ್ರೇಕ್ ಸರಿ ಮಾಡಿಸಿದ್ರೆ ಚಿನ್ನದಂಥ ಗಾಡಿ,” ಎಂದು ಕೈ ತೊಳೆದುಕೊಂಡ.

“ಬದುಕಿಸಿದ್ರಿ!” ಅನಂತಲಕ್ಷ್ಮಮ್ಮ ಕೈ ಮುಗಿದರು. “ಗಾಡಿ ಬಂದ್ಮೇಲೆ ದಿನಾ ನೀವೇ ಇವಳ ಪಕ್ಕ ಕೂತು ಹೋಗ್ಬಿಡಿ. ಹೇಗೂ ನಿಮ್ಮ ಕಾರ್ಖಾನೆ ಇವಳ ಬ್ಯಾಂಕಿನ ದಾರೀಲೇ ಇದೆ.”

ದಿನಾ! ವೆಂಕಟಗಿರಿಗೆ ಕಣ್ಣು ಕತ್ತಲಿಟ್ಟಿತು. ಮಾನವೋ ಪ್ರಾಣವೋ ಎಂಬ ಪ್ರಶ್ನೆ ಬಂದಾಗ ಅವನು ಪ್ರಾಣದ ಕಡೆ ವಾಲಿದ.

“ನಂಗೆ ಕಾರಿನ ಗಂಧಗಾಳೀನೂ ಗೊತ್ತಿಲ್ಲ ಕಣ್ರಮ್ಮಾ! ನಮ್ಮದು ನೀರಿನ ಪಂಪಿನ ಮೋಟಾರು. ಕಾರು ಅಂದ್ರೆ ನಂಗೆ ಭಯ!”

ಪಂಕಜಾಳ ಮುಖ ಕೆಂಪಾಯಿತು. ಅನಂತಲಕ್ಷ್ಮಮ್ಮ ಬಾಯಿ ಬಿಟ್ಟುಕೊಂಡು ನಿಂತರು. ತುಂಗಾ ಮಾತ್ರ ನಕ್ಕಳು.

“ಎಷ್ಟಡಿಯಿಂದ ಎತ್ತುತ್ತೆ ಅಂದಾಗ್ಲೇ ಗೊತ್ತಾಯ್ತು ಮಾಮ. ಕಾರು ಗೊತ್ತಿರೋರು ಪಕ್ಕ ಕೂತ್ರೆ ಅದು ತಪ್ಪು, ಇದು ತಪ್ಪು ಅಂತ ಗದರ್ತಾರೆ, ನನ್ನ ಕೈ ನಡುಗುತ್ತೆ. ನೀವು ನನಗಿಂತ ಜಾಸ್ತಿ ಹೆದರಿದ್ರಲ್ಲ, ಇವರನ್ನ ಹೇಗಾದ್ರೂ ಜೋಪಾನವಾಗಿ ಮನೆ ಸೇರಿಸ್ಬೇಕು ಅನ್ನೋದ್ರಲ್ಲಿ ನನ್ನ ಹೆದರಿಕೇನೇ ಮರೆತೋಯ್ತು. ಅಮ್ಮಾ, ನಂಗೆ ಇವರೇ ಬೇಕು!”

ವೆಂಕಟಗಿರಿ ದಿಕ್ಕುಗೆಟ್ಟು ಹೆಂಡತಿಯ ಮುಖ ನೋಡಿದ. ಪಂಕಜಾ ಸೆರಗಿನಿಂದ ಮುಖ ಒರೆಸಿಕೊಂಡು ಏನೋ ಯೋಚಿಸುತ್ತಿದ್ದಳು.

“ತುಂಗಾ, ನಂಗೂ ಓಡಿಸೋದು ಕಲಿಸ್ಕೊಡ್ತೀಯೇನೇ?” ಎಂದಳು ಕೊನೆಗೆ. “ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ನಮ್ಮನೇಲೇ ಇದಾರಲ್ಲ.”

ವೆಂಕಟಗಿರಿಯ ಸೊಂಟ ಆಗ ನಿಜವಾಗಿಯೂ ಹಿಡಿದುಕೊಂಡಿತು. ಅದನ್ನು ಯಾರೂ ನಂಬಲಿಲ್ಲ.