ನಾನು ಹಾಡಿದಾಗ ಸುಮ್ಮನಾದ ಕಪ್ಪೆಗಳು

ಮಾಸ್ತರಿಕೆಯ ಕೆಟ್ಟ ಗುಣವೆಂದರೆ ಅದು ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೂ ಮುಗಿಯುವುದಿಲ್ಲ. ಕೇಳದವರಿಗೂ ಪಾಠ ಹೇಳುವ ಚಟ ನನ್ನದು. ಬಸ್ಸಿನಲ್ಲಿ ಪಕ್ಕದವರು ಮೀನಿನ ಬುಟ್ಟಿ ಇಟ್ಟುಕೊಂಡಿದ್ದರೆ ಸಾಕು, ಮೀನು ಉಸಿರಾಡುವ ಬಗೆಯನ್ನು ವಿವರಿಸತೊಡಗಿ, ಅವರು ತಮ್ಮ ಊರು ಬರುವ ಮೊದಲೇ ಇಳಿದುಹೋಗುವಂತೆ ಮಾಡಿದ್ದೇನೆ. ಆದರೆ ಕಪ್ಪೆಯ ವಿಷಯ ಬಂದರೆ ಮಾತ್ರ ನಾನು ಬಾಯಿ ಬಿಡುವುದಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಆಗಿನ್ನೂ ಅರವತ್ತರ ದಶಕದ ಆರಂಭ. ನಾನು ಕುಮಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗದ್ದೆ ಉಳುವ ನಮ್ಮ ಮನೆತನಕ್ಕೆ ನಾನೇ ಮೊದಲ ಸಂಬಳದವನು. ಪೇಟೆಯ ದೊಡ್ಡ ಮನೆಯವರು ಹೆಣ್ಣು ನೋಡಲು ಹೋದಾಗ ಹುಡುಗಿಯಿಂದ ಹಾಡಿಸುತ್ತಾರೆಂದು ಕೇಳಿದ್ದೆ. ನಾವೇನು ಕಡಿಮೆ ಎಂದು ನಾನೂ ನನ್ನ ಸೋದರಮಾವನೂ ನಾಲ್ಕು ಮನೆಗಳಲ್ಲಿ ಅವಲಕ್ಕಿ ತಿಂದು, ಚಾ ಕುಡಿದು, ನಾಲ್ಕು ಹುಡುಗಿಯರಿಂದ ಹಾಡಿಸಿದೆವು. ಹೊನ್ನಾವರದ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಎರಡು ಸಾಲು ಹೇಳಿದಳು. ಮೂರನೆಯ ಸಾಲಿಗೆ ಗಂಟಲು ಕಟ್ಟಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಮಾವನಿಗೆ ಓದುಬರಹ ಬಾರದು, ಕಾರ್ಡು ಬರೆಯುವವನು ನಾನೇ. 'ಸಂಬಂಧ ಎಲ್ಲ ವಿಧದಿಂದಲೂ ಒಪ್ಪಿಗೆ. ಸ್ವರ ಮಾತ್ರ ಹಿಡಿಸಲಿಲ್ಲ. ಅನ್ಯಥಾ ಭಾವಿಸಬಾರದು' ಎಂದು ಬರೆದೆ. ಆ ಒಕ್ಕಣೆ ನನಗೇ ಎಷ್ಟು ಮೆಚ್ಚಿಕೆಯಾಯಿತೆಂದರೆ ನಾಲ್ಕೂ ಮನೆಗಳಿಗೆ ಅದನ್ನೇ ಕಳಿಸಿದೆ. ನನ್ನ ಸ್ವರ ಹೇಗಿದೆಯೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಐದನೆಯ ಮನೆ ಭಟ್ಕಳದ ಹತ್ತಿರದ ಹೆಬಳೆಯಲ್ಲಿ. ಹೊನ್ನಾವರದಲ್ಲಿ ಹೊಳೆ ದಾಟಿ, ಇನ್ನೊಂದು ಬಸ್ಸು ಹಿಡಿದು, ಮಳೆಯಲ್ಲಿ ನೆನೆದು ಅಲ್ಲಿ ತಲುಪುವಾಗ ಸಂಜೆಯಾಗಿತ್ತು. ಹುಡುಗಿಯ ಹೆಸರು ಗಿರಿಜೆ. ಅವಳ ಅಜ್ಜಿ ನಾಗಮ್ಮ ಸುತ್ತಲಿನ ಮದುವೆಗಳಿಗೆಲ್ಲ ಹಾಡು ಹೇಳುವವಳು. ಅವಳು ಬಾಯಿ ತೆರೆಯದೆ ಅಲ್ಲಿ ಧಾರೆ ಎರೆಯುತ್ತಿರಲಿಲ್ಲವಂತೆ. ಗಿರಿಜೆ ಚಾ ಲೋಟ ಇಟ್ಟು ನನ್ನ ಮುಖವನ್ನು ನೇರವಾಗಿ ನೋಡಿದಳು. ಹಿಂದಿನ ನಾಲ್ವರೂ ನೆಲ ನೋಡಿದ್ದರು. ಇವಳು ಹಾಡದಿದ್ದರೂ ಚಿಂತೆಯಿಲ್ಲ, ಇವಳೇ ಆಗಬೇಕೆಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ಹೊಸ ಮಳೆಯ ನೀರು ನಿಂತ ಗದ್ದೆ ಜಗಲಿಯ ಎದುರಿಗೇ ಇತ್ತು. ಕಪ್ಪೆಗಳ ಗಲಾಟೆಗೆ ಮಾವನ ಮಾತು ಮಾವನಿಗೇ ಕೇಳುತ್ತಿರಲಿಲ್ಲ. "ಎಂತ ಒದರ್ತವೆ ಮಾರಾಯ್ರೆ" ಎಂದ ಅವನು. ಅಷ್ಟು ಸಾಕಾಯಿತು ನನಗೆ. ಗಿರಿಜೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆಂಬ ಉಮೇದು ಬೇರೆ. ಹೀಗೆ ಕೂಗುವುದು ಗಂಡು ಕಪ್ಪೆ, ಗಂಟಲ ಕೆಳಗಿನ ಚೀಲವನ್ನು ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ, ಒಂದೊಂದು ಜಾತಿಗೆ ಒಂದೊಂದು ಕರೆ, ಹೆಣ್ಣು ಸುಮ್ಮನೆ ಕುಳಿತು ಎಲ್ಲವನ್ನೂ ಕೇಳಿ, ಸ್ವರ ಹಿಡಿಸಿದವನ ಹತ್ತಿರ ಹೋಗುತ್ತದೆ, ಹಿಡಿಸದಿದ್ದರೆ ಅವನು ಬೆಳಗಿನ ತನಕ ಕೂಗಿದರೂ ತಿರುಗಿ ನೋಡುವುದಿಲ್ಲ ಎಂದೆಲ್ಲ ಹೇಳಿದೆ.

ನಾಗಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. "ಅಂದ್ರೆ ಗಂಡು ಕೂಗೂದು, ಹೆಣ್ಣು ಆರಿಸೂದು. ಹೌದಾ?"

"ಹೌದು ಅಜ್ಜಿ, ಅದು ಸೃಷ್ಟಿಯ ನಿಯಮ" ಎಂದೆ.

ಅಷ್ಟರಲ್ಲಿ ಮಾವ ತನ್ನ ಪಾಲಿನ ಮಾತು ಆಡಿದ. "ಆತು, ಇನ್ನು ಹುಡುಗಿ ಒಂದು ಹಾಡು ಹೇಳ್ಲಿ."

"ಎಂತಕೆ?" ಎಂದಳು ಅಜ್ಜಿ. "ಮಾಸ್ತರ್ರು ಈಗಷ್ಟೇ ಪಾಠ ಮಾಡಿದ್ರಲ್ಲ. ಅವ್ರೇ ಹೇಳ್ಲಿ. ನಮ್ಮ ಹುಡುಗಿ ಕೇಳ್ತದೆ."

ಮಾವ ನನ್ನನ್ನು ನೋಡಿದ, ನಾನು ಚಾ ಲೋಟವನ್ನು ನೋಡಿದೆ. ಅದು ಖಾಲಿಯಾಗಿತ್ತು. ಗಿರಿಜೆ ಬಾಗಿಲ ಹಿಂದಿನಿಂದ ಮುಂದಕ್ಕೆ ಬಂದು ನಿಂತಳು. ನನಗೆ ಗೊತ್ತಿದ್ದದ್ದು ಶಾಲೆಯ ಪ್ರಾರ್ಥನೆಯೊಂದೇ. ಅದನ್ನೂ ಮುನ್ನೂರು ಮಕ್ಕಳ ಸ್ವರದ ಮರೆಯಲ್ಲಿ ಬರೀ ತುಟಿ ಆಡಿಸಿ ಹೇಳಿದವನು ನಾನು. ಕಣ್ಣು ಮುಚ್ಚಿ ಶುರು ಮಾಡಿದೆ. ಎರಡನೆಯ ಸಾಲಿಗೆ ಸ್ವರ ಒಡೆಯಿತು. ಕೈ ತಾನಾಗಿಯೇ ಧೋತರದ ತುದಿಯನ್ನು ಬೆರಳಿಗೆ ಸುತ್ತುತ್ತಿತ್ತು. ಆಗ ಹೊನ್ನಾವರದ ಹುಡುಗಿಯ ನೆನಪಾಯಿತು. ಮೂರನೆಯ ಸಾಲಿಗೆ ಏರುವಷ್ಟರಲ್ಲಿ ಎದುರಿನ ಗದ್ದೆಯ ಕಪ್ಪೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಆ ನಿಶ್ಶಬ್ದದಲ್ಲಿ ನನ್ನ ಸ್ವರವೊಂದೇ ಉಳಿಯಿತು. ಅದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿಯೇ.

"ಮಾಸ್ತರ್ರೇ, ಕಪ್ಪೆ ಎಂತಕೆ ಸುಮ್ಮನಾದ್ವು?" ಎಂದು ಗಿರಿಜೆ ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

ಚಟ ನೋಡಿ, ಆಗಲೂ ಸರಿಯಾದ ಉತ್ತರವನ್ನೇ ಕೊಟ್ಟೆ. "ಹಾವು ಬಂದರೆ ಹಾಗೆ ಸುಮ್ಮನಾಗುತ್ತವೆ" ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ವಾರದಲ್ಲಿ ಹೆಬಳೆಯಿಂದ ಕಾರ್ಡು ಬಂತು. ಗಿರಿಜೆಯದೇ ದುಂಡು ಅಕ್ಷರ. 'ಸಂಬಂಧ ಎಲ್ಲ ವಿಧದಿಂದಲೂ ಒಪ್ಪಿಗೆ. ಸ್ವರ ಮಾತ್ರ ಹಿಡಿಸಲಿಲ್ಲ. ಅನ್ಯಥಾ ಭಾವಿಸಬಾರದು.' ಕೆಳಗೆ ಇನ್ನೊಂದು ಸಾಲು: 'ಹೊನ್ನಾವರದ ಹುಡುಗಿ ನನ್ನ ಚಿಕ್ಕಮ್ಮನ ಮಗಳು. ನೀವು ಬರೆದ ಕಾರ್ಡು ನಮ್ಮಲ್ಲಿದೆ. ಒಕ್ಕಣೆ ಚೆನ್ನಾಗಿದೆಯೆಂದು ಅಜ್ಜಿ ಹಾಗೆಯೇ ಬರೆಯಲು ಹೇಳಿದರು.' ಮಾವ "ಎಂತ ಬರದಾರೆ?" ಎಂದು ಕೇಳಿದ. ಓದಿ ಹೇಳಲು ನನ್ನಿಂದಾಗಲಿಲ್ಲ. ಹಿಂದಿನ ನಾಲ್ಕು ಮನೆಗಳಲ್ಲಿ ಆ ಕಾರ್ಡನ್ನು ಯಾರು ಯಾರಿಗೆ ಓದಿ ಹೇಳಿರಬೇಕು, ಆಗ ಹುಡುಗಿ ಎಲ್ಲಿ ನಿಂತಿರಬೇಕು ಎಂದು ನಾನು ಯೋಚಿಸಿದ್ದು ಆಗಲೇ.

ಮರುವರ್ಷ ಬೇರೆ ಊರಿನ ಹುಡುಗಿಯೊಡನೆ ನನ್ನ ಮದುವೆಯಾಯಿತು. ಆ ಮನೆಯಲ್ಲಿ ನಾನು ಹಾಡಿಸಲಿಲ್ಲ, ಅವರೂ ಹಾಡಿಸಲಿಲ್ಲ. ಹೆಬಳೆಯ ಕಥೆಯನ್ನು ಹೆಂಡತಿಗೆ ನಾನು ಹೇಳಿಯೂ ಇಲ್ಲ. ಮೊದಲ ಮಳೆಗಾಲದಲ್ಲಿ ಒಂದು ದಿನ ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಳ್ಳುತ್ತ, ಮೈಮರೆತು ಎರಡು ಸಾಲು ಗುನುಗಿದೆ. ಹಿತ್ತಲಿನ ಕಪ್ಪೆಗಳ ಕೂಗು ಥಟ್ಟನೆ ನಿಂತಿತು.

"ಹಿತ್ತಲಿಗೆ ಬರಿಗಾಲಲ್ಲಿ ಹೋಗ್ಬೇಡಿ" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ಕಪ್ಪೆ ಸುಮ್ಮನಾದ್ವು, ಹಾವು ಬಂತು ಕಾಣ್ತದೆ."

ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಒಂದು ಕಪ್ಪೆ, ಆಮೇಲೆ ಹತ್ತು ಕಪ್ಪೆ ಮತ್ತೆ ಕೂಗತೊಡಗಿದವು.

"ಆತು, ಹಾವು ಹೋತು" ಎಂದಳು.